ಕನ್ನಡದಲ್ಲಿ ಓದಿದವರಿಗೆ ಅಮೆರಿಕದ ಬಯಾಲಜಿ ಲ್ಯಾಬ್ ಒಗ್ಗುತ್ತದಾ?

ಪ್ರಶ್ನೆ: ಟೀಚರಿಗೆ ನಮಸ್ಕಾರ. ನನ್ನ ಊರು ಬದಿಯಡ್ಕದ ಹತ್ತಿರ. ಹತ್ತನೇ ಕ್ಲಾಸಿನವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದೆ. ಪ್ಲಸ್ ಟೂವಿನಲ್ಲಿ ಹ್ಯುಮ್ಯಾನಿಟೀಸ್, ಆಮೇಲೆ ಬಿಎ ಕನ್ನಡ. ಈಗ ಮದುವೆಯಾಗಿದೆ. ನಮ್ಮವರು ಕ್ಯಾಲಿಫೋರ್ನಿಯಾದಲ್ಲಿದ್ದಾರೆ, ಜುಲೈಯಲ್ಲಿ ನಾನೂ ಹೊರಡುವುದು. ಅಲ್ಲಿ ನರ್ಸಿಂಗ್ ಓದಬೇಕೆಂದು ಆಸೆ. ಅದಕ್ಕೆ ಮೊದಲು ಕಮ್ಯುನಿಟಿ ಕಾಲೇಜಿನಲ್ಲಿ ಬಯಾಲಜಿ ಮಾಡಬೇಕಂತೆ, ಜೊತೆಗೆ ಲ್ಯಾಬ್ ಕಡ್ಡಾಯವಂತೆ. ನಾನು ಮೈಕ್ರೋಸ್ಕೋಪ್ ಮುಟ್ಟಿದ್ದು ಶಾಲೆಯಲ್ಲಿ ಒಂದೇ ಸಲ. ಇಂಗ್ಲಿಷ್ ಅಷ್ಟಕ್ಕಷ್ಟೇ. ಪ್ರಾಣಿ ಕೊಯ್ಯಬೇಕಾಗುತ್ತದೋ ಎಂಬ ಹೆದರಿಕೆಯೂ ಇದೆ. ಉಳಿದಿರುವ ಮೂರು ತಿಂಗಳಲ್ಲಿ ಏನು ತಯಾರಿ ಮಾಡಿಕೊಳ್ಳಲಿ?
– ಓದುಗರೊಬ್ಬರು, ಬದಿಯಡ್ಕ

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. 1979ರಲ್ಲಿ ಪ್ರಿಡಿಗ್ರಿಗೆ ಸೇರಿದ ನಾನೇ ಬರೆದ ಹಾಗಿದೆ. ನಾನೂ ಕನ್ನಡ ಮಾಧ್ಯಮದವಳು. ಮೊದಲ ಪ್ರಾಕ್ಟಿಕಲ್‌ನಲ್ಲಿ ಈರುಳ್ಳಿ ಸಿಪ್ಪೆಯ ಜೀವಕೋಶ ನೋಡಿ ಚಿತ್ರ ಬರೆಯಲು ಹೇಳಿದರು. ಮೈಕ್ರೋಸ್ಕೋಪಿನಲ್ಲಿ ಕಣ್ಣಿಟ್ಟೆ. ದುಂಡಗೆ ಒಂದು ಉಂಗುರ ಕಾಣಿಸಿತು, ಸುತ್ತ ದಪ್ಪ ಕಪ್ಪು ಅಂಚು. ಇದೇ ಕೋಶ ಎಂದು ಚೆಂದಕ್ಕೆ ಬರೆದು ಕೊಟ್ಟೆ. ಲೆಕ್ಚರರ್ ಅದರ ಮೇಲೆ ಕೆಂಪು ಗೀಟು ಎಳೆದು, ಇಂಗ್ಲಿಷಿನಲ್ಲಿ ಏನೋ ಹೇಳಿ ಮುಂದಿನ ಬೆಂಚಿಗೆ ಹೋದರು. ನಾನು ಬರೆದದ್ದು ಗಾಳಿಗುಳ್ಳೆ ಎಂದು ಹೇಳಿಕೊಟ್ಟವರು ಲ್ಯಾಬಿನ ಅಟೆಂಡರ್. ಎಲ್ಲರೂ ಹೋದ ಮೇಲೆ ಅವರು ಹೊಸ ಸ್ಲೈಡ್ ಮಾಡಿ ತೋರಿಸಿದರು. ಕವರ್‌ಸ್ಲಿಪ್ಪನ್ನು, ಅಂದರೆ ಸ್ಲೈಡಿನ ಮೇಲೆ ಮುಚ್ಚುವ ತೆಳು ಗಾಜನ್ನು, ಮೇಲಿಂದ ಸೀದಾ ಹಾಕಬಾರದು. ಒಂದು ಅಂಚನ್ನು ನೀರಿನ ಹನಿಗೆ ತಾಗಿಸಿ, ಇನ್ನೊಂದು ಅಂಚಿಗೆ ಸೂಜಿ ಆನಿಸಿ, ಬಾಗಿಲು ಮುಚ್ಚುವ ಹಾಗೆ ನಿಧಾನ ಇಳಿಸಬೇಕು. ಆಗ ಗಾಳಿ ಪಕ್ಕಕ್ಕೆ ಜಾರಿಹೋಗುತ್ತದೆ. ಮತ್ತೆ ನೋಡಿದೆ. ಇಟ್ಟಿಗೆ ಜೋಡಿಸಿದ ಹಾಗೆ ಉದ್ದುದ್ದ ಕೋಶಗಳು, ಒಂದೊಂದರೊಳಗೂ ಸಾಫ್ರನಿನ್ ಬಣ್ಣ ಹಿಡಿದ ಒಂದೊಂದು ಚುಕ್ಕೆ. ಅದು ಕೋಶಕೇಂದ್ರ. ಆ ದಿನ ನನಗೆ ಅಡ್ಡ ಬಂದದ್ದು ಇಂಗ್ಲಿಷ್ ಅಲ್ಲ. ಕೈಗೆ ಅಭ್ಯಾಸ ಇರಲಿಲ್ಲ, ಕಣ್ಣಿಗೆ ಏನು ನೋಡಬೇಕೆಂದು ಗೊತ್ತಿರಲಿಲ್ಲ. ಆಮೇಲೆ ನಾನೇ 31 ವರ್ಷ ಪಾಠ ಮಾಡಿದೆ. ಇಂಗ್ಲಿಷ್ ಸಾಲದೆ ಲ್ಯಾಬಿನಲ್ಲಿ ಸೋತ ಮಕ್ಕಳನ್ನು ನೋಡಿದ್ದು ಕಡಿಮೆ. ನೋಡದೆ ಬರೆದು ಸೋತವರೇ ಜಾಸ್ತಿ.

ಮೊದಲು ಆ ಕಾಲೇಜಿನ ವಿಷಯ. ಕಮ್ಯುನಿಟಿ ಕಾಲೇಜೆಂದರೆ ಎರಡು ವರ್ಷದ ಸರ್ಕಾರಿ ಕಾಲೇಜು. ಇಲಿನಾಯ್‌ನ ಜೋಲಿಯೆಟ್ ಎಂಬಲ್ಲಿ 1901ರಲ್ಲಿ ಶುರುವಾದದ್ದನ್ನು ಅಮೆರಿಕದ ಮೊದಲನೆಯದು ಎನ್ನುತ್ತಾರೆ. ಸೇರಲು ದೊಡ್ಡ ಪರೀಕ್ಷೆ ಇಲ್ಲ. ಮಕ್ಕಳನ್ನು ಬೆಳೆಸಿ ಮತ್ತೆ ಓದಲು ಬಂದ ಅಮ್ಮಂದಿರು, ಕೆಲಸ ಮುಗಿಸಿ ಸಂಜೆ ಕ್ಲಾಸಿಗೆ ಬರುವವರು, ಇಂಗ್ಲಿಷ್ ಮನೆಭಾಷೆ ಅಲ್ಲದವರು, ಎಲ್ಲರೂ ಒಂದೇ ಕ್ಲಾಸಿನಲ್ಲಿ ಇರುತ್ತಾರೆ. ನನ್ನ ತಂಗಿಯ ಮಗಳು ಕ್ಯಾಲಿಫೋರ್ನಿಯಾದ ಇಂಥ ಒಂದು ಕಾಲೇಜಿನಲ್ಲೇ ಓದಿದಳು. ಅವಳ ಲ್ಯಾಬ್ ಮ್ಯಾನುಯಲ್ ಈಗಲೂ ನನ್ನ ಕಪಾಟಿನಲ್ಲಿದೆ. ನಿಮ್ಮದು ಎಚ್-4 ವೀಸಾ, ಅಂದರೆ ಅಲ್ಲಿ ಕೆಲಸದ ವೀಸಾದಲ್ಲಿರುವವರ ಮನೆಯವರಿಗೆ ಕೊಡುವಂಥದ್ದು, ಆದರೆ ಓದಲು ಅಡ್ಡಿಯಿಲ್ಲ. ಫೀಸು ಮಾತ್ರ ಆ ರಾಜ್ಯದ ನಿವಾಸಿಗಳಿಗೂ ಹೊಸಬರಿಗೂ ತುಂಬ ಬೇರೆಯಾಗುತ್ತದೆ. ಅದನ್ನು ಅಡ್ಮಿಷನ್ ಆಫೀಸಿನಲ್ಲೇ ಕೇಳಿ. ಡಿಗ್ರಿಯ ಟ್ರಾನ್ಸ್‌ಕ್ರಿಪ್ಟನ್ನು (ಓದಿದ ವಿಷಯ, ಅಂಕಗಳ ಅಧಿಕೃತ ಪಟ್ಟಿ) ಯೂನಿವರ್ಸಿಟಿಯಿಂದ ಇಲ್ಲಿರುವಾಗಲೇ ಮಾಡಿಸಿಕೊಳ್ಳಿ. ಅಲ್ಲಿಂದ ತರಿಸುವುದು ಹೈರಾಣ.

ಕೋರ್ಸ್ ಆರಿಸುವಾಗ ಒಂದು ಎಚ್ಚರ. ಬಯಾಲಜಿ ಒಂದೇ ಅಲ್ಲ. ಬೇರೆ ವಿಷಯ ಓದುವವರಿಗೆಂದು ಒಂದು ಹಗುರದ ಕೋರ್ಸ್ ಇರುತ್ತದೆ, ಬಯಾಲಜಿಯನ್ನೇ ಮುಂದುವರಿಸುವವರಿಗೆ ಇನ್ನೊಂದು. ನರ್ಸಿಂಗಿಗೆ ಸಾಮಾನ್ಯವಾಗಿ ಅನಾಟಮಿ, ಫಿಸಿಯಾಲಜಿ, ಮೈಕ್ರೋಬಯಾಲಜಿ ಕೇಳುತ್ತಾರೆ, ಮೂರೂ ಲ್ಯಾಬ್ ಸಮೇತ. ಅವುಗಳಿಗೆ ಮೊದಲು ಯಾವ ಬಯಾಲಜಿ ಬೇಕು ಎಂದು ಕೌನ್ಸೆಲರ್ ಹತ್ತಿರ ಕೇಳಿಯೇ ಹೆಸರು ಹಚ್ಚಿ. ಹೆಸರು ನೋಡಿ ಸುಮ್ನೆ ಸೇರಿಬಿಟ್ಟರೆ ಒಂದು ಸೆಮಿಸ್ಟರ್ ಹೋಗುತ್ತದೆ.

ಇನ್ನು ತಯಾರಿ. ನಮ್ಮ ಕಾಸರಗೋಡಿನ ಮಕ್ಕಳಿಗೆ ಬೇರೆಯವರಿಗಿಲ್ಲದ ಒಂದು ಅನುಕೂಲ ಇದೆ. ಕೇರಳದ ಎಸ್‌ಸಿಇಆರ್‌ಟಿ ಬಯಾಲಜಿ ಪುಸ್ತಕವನ್ನು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಅಚ್ಚು ಹಾಕುತ್ತದೆ. ಅದೇ ಪಾಠ, ಅದೇ ಚಿತ್ರ. ಒಂಬತ್ತು, ಹತ್ತನೇ ಕ್ಲಾಸಿನ ಎರಡೂ ಪುಸ್ತಕಗಳನ್ನು ಪಕ್ಕ ಪಕ್ಕ ತೆರೆದಿಡಿ. ಮೊದಲು ಕನ್ನಡದ ಪುಟ, ಆಮೇಲೆ ಇಂಗ್ಲಿಷಿನ ಅದೇ ಪುಟ. ವಿಷಯ ಮೊದಲೇ ಗೊತ್ತಿರುವುದರಿಂದ ಶಬ್ದ ತಾನಾಗಿ ಕೂರುತ್ತದೆ. ದಿನಕ್ಕೆ ಮೂರು ಪುಟ ಸಾಕು.

ಕಷ್ಟದ ಶಬ್ದಗಳಿಗೆ ನಿಮ್ಮ ಬಿಎ ಕನ್ನಡವೇ ಸಹಾಯಕ್ಕೆ ಬರುತ್ತದೆ. ಸಮಾಸ ಬಿಡಿಸಿ ಅಭ್ಯಾಸ ಇದೆ ಅಲ್ವಾ? ಬಯಾಲಜಿಯ ಉದ್ದದ ಶಬ್ದಗಳೂ ಹಾಗೇ, ಗ್ರೀಕ್ ಮತ್ತು ಲ್ಯಾಟಿನ್ ತುಂಡುಗಳನ್ನು ಜೋಡಿಸಿ ಮಾಡಿದ್ದು. ಎರಿಥ್ರೋ ಎಂದರೆ ಕೆಂಪು, ಲ್ಯೂಕೋ ಎಂದರೆ ಬಿಳಿ, ಸೈಟ್ ಎಂದರೆ ಕೋಶ. ಎರಿಥ್ರೋಸೈಟ್ ಎಂದರೆ ಕೆಂಪು ರಕ್ತಕಣ, ಲ್ಯೂಕೋಸೈಟ್ ಎಂದರೆ ಬಿಳಿ ರಕ್ತಕಣ. ಒಂದು ನೋಟ್‌ಬುಕ್ಕಿನಲ್ಲಿ ಇಂಥ ತುಂಡುಗಳನ್ನು ಬರೆಯುತ್ತಾ ಹೋಗಿ. ಸ್ಪೆಲ್ಲಿಂಗ್ ಮಾತ್ರ ಕಣ್ಣು ಮುಚ್ಚಿ ಬರೆಯುವಷ್ಟು ಗಟ್ಟಿ ಮಾಡಿ. ಅಲ್ಲಿನ ಲ್ಯಾಬ್ ಪರೀಕ್ಷೆಯಲ್ಲಿ ಮೇಜಿನಿಂದ ಮೇಜಿಗೆ ಹೋಗುತ್ತಾ, ಪಿನ್ನು ಚುಚ್ಚಿಟ್ಟ ಭಾಗದ ಹೆಸರು ಬರೆಯಬೇಕು. ಒಂದೊಂದಕ್ಕೆ ಒಂದೆರಡು ನಿಮಿಷ ಅಷ್ಟೇ.

ಈಗ ಕೈಕೆಲಸಕ್ಕೆ ಬರೋಣ. ಈ ವರ್ಷದ ಮಾವಿನ ಮಿಡಿ ನಿಮ್ಮ ಮನೆಯಲ್ಲಿ ಭರಣಿ ಸೇರಿರಬೇಕು. ಮುಚ್ಚಳ ತೆಗೆದು ನೋಡಿ. ಹಾಕಿದ್ದು ಕಲ್ಲುಪ್ಪು ಮತ್ತು ಮಿಡಿ, ಒಂದು ತೊಟ್ಟು ನೀರು ಹಾಕಿರಲಿಲ್ಲ. ಆದರೂ ಮಿಡಿ ಮುಳುಗುವಷ್ಟು ನೀರು ನಿಂತಿದೆ. ಗಟ್ಟಿಯಿದ್ದ ಮಿಡಿ ಚಿರುಟಿಕೊಂಡಿದೆ. ಆ ನೀರು ಬಂದದ್ದು ಮಿಡಿಯ ಕೋಶಗಳೊಳಗಿಂದ. ಹೊರಗೆ ಉಪ್ಪು ಜಾಸ್ತಿ, ಒಳಗೆ ಕಡಿಮೆ, ಹಾಗಾಗಿ ಕೋಶದ ಪೊರೆ ದಾಟಿ ನೀರು ಹೊರಗೆ ಬಂತು. ಕನ್ನಡದಲ್ಲಿ ಅಭಿಸರಣೆ, ಅಲ್ಲಿ ಆಸ್ಮಾಸಿಸ್. ಆ ಉಪ್ಪುನೀರಿಗೆ ಹೈಪರ್‌ಟಾನಿಕ್ ಎನ್ನುತ್ತಾರೆ. ಮೊದಲ ಕೆಲವು ವಾರಗಳಲ್ಲೇ ಈ ಪಾಠ ಬರುತ್ತದೆ.

ಇದನ್ನೇ ಪ್ರಯೋಗ ಮಾಡಿ. ಒಂದು ದೊಡ್ಡ ಬಟಾಟೆಯಿಂದ ಒಂದೇ ಅಳತೆಯ ಒಂಬತ್ತು ಕಡ್ಡಿ ಕೊಯ್ಯಿರಿ. ಮೂರು ಲೋಟದಲ್ಲಿ ಸಮ ಸಮ ನೀರು ತೆಗೆದುಕೊಳ್ಳಿ. ಒಂದು ಬರೇ ನೀರು, ಇನ್ನೊಂದಕ್ಕೆ ಒಂದು ಚಮಚ ಉಪ್ಪು, ಮತ್ತೊಂದಕ್ಕೆ ಮೂರು ಚಮಚ. ಕಡ್ಡಿಗಳನ್ನು ಒರೆಸಿ, ತೂಗಿ, ಲೋಟಕ್ಕೆ ಮೂರರಂತೆ ಹಾಕಿ. ಎರಡು ಗಂಟೆ ಬಿಟ್ಟು ಮತ್ತೆ ಒರೆಸಿ ತೂಗಿ. ಉಪ್ಪುನೀರಿನದ್ದು ಬಗ್ಗಿಸಿದರೆ ರಬ್ಬರಿನ ಹಾಗೆ ಬಗ್ಗುತ್ತದೆ. ಬರೇ ನೀರಿನದ್ದು ಟಪ್ಪೆಂದು ಮುರಿಯುತ್ತದೆ. ಬಂದ ಲೆಕ್ಕವನ್ನು ಕೋಷ್ಟಕ ಹಾಕಿ, ಒಂದು ಪುಟ ಇಂಗ್ಲಿಷಿನಲ್ಲಿ ಬರೆಯಿರಿ: ಏನಾಗುತ್ತದೆ ಎಂದುಕೊಂಡಿರಿ, ಏನು ಮಾಡಿದಿರಿ, ಏನು ಬಂತು, ಯಾಕೆ ಬಂತು. ಅಲ್ಲಿನ ಲ್ಯಾಬ್ ರಿಪೋರ್ಟಿನ ಚೌಕಟ್ಟು ಇದೇ. ವಾಕ್ಯ ಸಣ್ಣದಿದ್ದರೆ ಏನೂ ತೊಂದರೆ ಇಲ್ಲ. ಮೂರೂ ಲೋಟದಲ್ಲಿ ಬದಲಾದದ್ದು ಉಪ್ಪು ಒಂದೇ, ಉಳಿದದ್ದೆಲ್ಲ ಒಂದೇ ರೀತಿ ಇತ್ತು ಎಂಬುದನ್ನು ಮರೆಯದೆ ಬರೆಯಿರಿ.

ಇಲ್ಲಿ ಒಂದು ಮಾತು ಒತ್ತಿ ಹೇಳುತ್ತೇನೆ. ನಮ್ಮ ಕಡೆ ರಫ್ ರೆಕಾರ್ಡ್, ಫೇರ್ ರೆಕಾರ್ಡ್ ಎಂದು ಎರಡು ಬರೆಸುತ್ತೇವೆ. ಫೇರಿಗೆ ಬರುವಾಗ ಎಲ್ಲರದ್ದೂ ಪುಸ್ತಕದ ಉತ್ತರವೇ ಆಗಿರುತ್ತದೆ. ಅಲ್ಲಿ ಹಾಗೆ ಮಾಡಬೇಡಿ. ನಿಮ್ಮ ಬಟಾಟೆ ತೂಕ ಪುಸ್ತಕ ಹೇಳಿದ ಹಾಗೆ ಇಳಿಯದಿದ್ದರೆ, ಬಂದದ್ದನ್ನೇ ಬರೆದು ಕಾರಣ ಹುಡುಕಿ. ಸರಿಯಾಗಿ ಒರೆಸಲಿಲ್ಲವೇನೋ, ಕಡ್ಡಿ ದಪ್ಪವಾಯಿತೇನೋ. ಅದಕ್ಕೆ ಅಂಕ ಸಿಗುತ್ತದೆ. ಜೊತೆಗಾರರ ಜೊತೆ ಅಳತೆ ಹಂಚಿಕೊಳ್ಳಬಹುದು, ಬರವಣಿಗೆ ನಿಮ್ಮದೇ ಆಗಿರಬೇಕು. ಗೆಳತಿಯ ರಿಪೋರ್ಟ್ ನೋಡಿ ಬರೆದರೆ ಅದನ್ನು ಕಳ್ಳತನ ಎಂದೇ ಎಣಿಸುತ್ತಾರೆ. ಇಲ್ಲಿ ಅದನ್ನು ಸಹಾಯ ಎಂದುಕೊಂಡು ಬೆಳೆದ ಮಕ್ಕಳು ಅಲ್ಲಿ ಕಷ್ಟಕ್ಕೆ ಸಿಕ್ಕಿಬೀಳುವುದು ನನಗೆ ತುಂಬ ಬೇಸರ ತರುತ್ತದೆ.

ತೋಟಕ್ಕೆ ಮದ್ದು ಬಿಡುವ ಮೊದಲು ಮೈಲುತುತ್ತು (ತಾಮ್ರದ ಸಲ್ಫೇಟ್), ಸುಣ್ಣ ಕಲಸಿ, ಕತ್ತಿ ಅದ್ದಿ ನೋಡುವುದನ್ನು ಕಂಡಿದ್ದೀರಿ ಅಲ್ವಾ? ಅಲಗಿಗೆ ಕೆಂಪು ಹಿಡಿದರೆ ಸುಣ್ಣ ಸಾಲದು ಎಂದು ಲೆಕ್ಕ. ಅದೂ ಒಂದು ಲ್ಯಾಬ್ ಪರೀಕ್ಷೆಯೇ. ತಾಮ್ರ ಕಬ್ಬಿಣದ ಮೇಲೆ ಕೂರುವುದನ್ನು ನೀವು ಚಿಕ್ಕಂದಿನಿಂದ ನೋಡಿದ್ದೀರಿ.

ಮೈಕ್ರೋಸ್ಕೋಪ್ ಬಗ್ಗೆ ಇಷ್ಟು ತಲೆಯಲ್ಲಿರಲಿ. ಯಾವಾಗಲೂ ಚಿಕ್ಕ ಲೆನ್ಸಿನಿಂದ ಶುರುಮಾಡಿ. 40 ಪಟ್ಟು ದೊಡ್ಡದು ಮಾಡುವ ಲೆನ್ಸಿಗೆ ಬಂದ ಮೇಲೆ ದೊಡ್ಡ ತಿರುಗಣೆ ಮುಟ್ಟಬೇಡಿ, ಸ್ಲೈಡ್ ಒಡೆಯುತ್ತದೆ. ಸ್ಲೈಡ್ ಎಡಕ್ಕೆ ಸರಿಸಿದರೆ ಚಿತ್ರ ಬಲಕ್ಕೆ ಹೋಗುತ್ತದೆ, ಗಾಬರಿಯಾಗಬೇಡಿ. ನಮ್ಮ ಶಾಲೆಗಳಲ್ಲಿ ಕಾಣಸಿಗದ ಮೈಕ್ರೋಪಿಪೆಟ್, ತೀರ ಸಣ್ಣ ಅಳತೆಯ ದ್ರವ ಎಳೆಯುವ ಸಾಧನ, ಅಲ್ಲಿ ಕೈಗೆ ಬರುತ್ತದೆ. ಗುಂಡಿ ಒತ್ತುವಾಗ ಎರಡು ಕಡೆ ತಡೆ ಸಿಗುತ್ತದೆ. ಮೊದಲ ತಡೆಯವರೆಗೆ ಒತ್ತಿಕೊಂಡು, ತುದಿಯನ್ನು ದ್ರವದಲ್ಲಿ ಅದ್ದಿ, ನಿಧಾನ ಬಿಡಬೇಕು. ಹೊರಗೆ ಹಾಕುವಾಗ ಎರಡನೇ ತಡೆಯವರೆಗೆ ಒತ್ತಬೇಕು. ಚಪ್ಪಲಿ ನಡೆಯುವುದಿಲ್ಲ, ಬೆರಳು ಮುಚ್ಚುವ ಶೂ ಬೇಕು. ಜಡೆ ಕಟ್ಟಿ. ಚೂಡಿದಾರದ ಶಾಲು ಮನೆಯಲ್ಲೇ ಇರಲಿ, ಬರ್ನರ್ ಹತ್ತಿರ ಅದು ಅಪಾಯ. ಲ್ಯಾಬ್ ತಪ್ಪಿಸಬೇಡಿ, ತಪ್ಪಿದ್ದನ್ನು ಮತ್ತೆ ಮಾಡಿಸುವುದು ಅಪರೂಪ.

ಪ್ರಾಣಿ ಕೊಯ್ಯುವ ವಿಷಯ. ಅನಾಟಮಿ ಲ್ಯಾಬಿನಲ್ಲಿ ಕುರಿಯ ಹೃದಯವೋ ಹಸುವಿನ ಕಣ್ಣೋ ಬರಬಹುದು, ಕೆಲವು ಕಡೆ ಬೆಕ್ಕೂ ಬರುತ್ತದೆ. ಕೆಲವು ಕಾಲೇಜುಗಳು ಮಾದರಿಯಲ್ಲೋ ಕಂಪ್ಯೂಟರಿನಲ್ಲೋ ಮಾಡಲು ಬಿಡುತ್ತವೆ, ಎಲ್ಲವೂ ಬಿಡುವುದಿಲ್ಲ. ಸೇರುವ ಮೊದಲೇ ಅಧ್ಯಾಪಕರಿಗೆ ಬರೆದು ಕೇಳಿ. ಆದರೆ ನರ್ಸ್ ಆಗುವವರಿಗೆ ನಾಳೆ ಗಾಯ, ರಕ್ತ ಎಲ್ಲ ನೋಡುವುದಿದೆ. ನಿಮ್ಮ ಮನಸ್ಸು ಒಪ್ಪಿದರೆ ಒಮ್ಮೆ ಹೃದಯವನ್ನು ಕೈಯಲ್ಲಿ ಹಿಡಿದು ನೋಡಿ ಎಂದೇ ನಾನು ಹೇಳುವುದು. ಎಡಗಡೆಯ ಗೋಡೆ ಬಲಗಡೆಯದಕ್ಕಿಂತ ಎಷ್ಟು ದಪ್ಪ ಎಂದು ಬೆರಳಿಗೆ ಗೊತ್ತಾಗುತ್ತದೆ.

ಮೊದಲ ಲ್ಯಾಬ್ ಆದ ಮೇಲೆ ನನಗೊಂದು ಪತ್ರ ಬರೆಯಿರಿ. ಕಾಯುತ್ತಿರುತ್ತೇನೆ.

ಪ್ರಶ್ನೆ: ನಮ್ಮ ಶಾಲೆಯ ಮೈಕ್ರೋಸ್ಕೋಪಿನಲ್ಲಿ ಎಲ್ಲವೂ ಮಂಜು ಕವಿದ ಹಾಗೆ ಕಾಣುತ್ತದೆ. ಒರೆಸಿದರೂ ಹೋಗುವುದಿಲ್ಲ. ಏನು ಮಾಡುವುದು?
– ಅಧ್ಯಾಪಕರೊಬ್ಬರು, ಮಂಜೇಶ್ವರ

ಉತ್ತರ: ಕಣ್ಣಿಡುವ ಲೆನ್ಸನ್ನು ಮೆಲ್ಲ ತಿರುಗಿಸಿ ನೋಡಿ. ಕಲೆಯೂ ಜೊತೆಗೆ ತಿರುಗಿದರೆ ಕೊಳೆ ಅದರಲ್ಲೇ ಇದೆ. ತಿರುಗದಿದ್ದರೆ ಕೆಳಗಿನ ಲೆನ್ಸಿನಲ್ಲೋ ಸ್ಲೈಡಿನಲ್ಲೋ ಇದೆ. ಜೇಡರ ಬಲೆಯ ಹಾಗೆ ಎಳೆ ಎಳೆ ಕಂಡರೆ ಅದು ಬೂಸ್ಟು. ನಮ್ಮ ಮಳೆಗಾಲಕ್ಕೆ ಇದು ಸಾಮಾನ್ಯ. ಒಳಗೆ ಹಿಡಿದಿದ್ದರೆ ನೀವು ಬಿಚ್ಚಬೇಡಿ, ರಿಪೇರಿಯವರಿಗೇ ಕೊಡಿ. ಹೊರಗಿನದ್ದಾದರೆ ಲೆನ್ಸ್ ಪೇಪರ್‌ನಿಂದ ಒರೆಸಿ. ಸೀರೆ ಸೆರಗು, ಕರ್ಚೀಫು ಬೇಡ, ಗೀರು ಬೀಳುತ್ತದೆ. ಮಳೆಗಾಲದಲ್ಲಿ ಮರದ ಪೆಟ್ಟಿಗೆಯಲ್ಲಿ ಮುಚ್ಚಿಡುವುದನ್ನು ಬಿಡಿ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬದಲ್ಲಿ ನೀಲಿ ಸಿಲಿಕಾ ಜೆಲ್ ಜೊತೆ ಇಡಿ. ಜೆಲ್ ಗುಲಾಬಿ ಬಣ್ಣಕ್ಕೆ ತಿರುಗಿದರೆ ನೀರು ಹೀರಿ ಮುಗಿದಿದೆ ಎಂದರ್ಥ. ಅಡುಗೆಗೆ ಮತ್ತೆ ಬಳಸದ ಹಳೇ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಬಿಸಿ ಮಾಡಿದರೆ ಮತ್ತೆ ನೀಲಿಯಾಗುತ್ತದೆ. ಜೂನ್ ಬರುವ ಮುಂಚೆ ಡಬ್ಬ ಹುಡುಕಿಕೊಳ್ಳಿ.