ಫಿನ್‌ಲ್ಯಾಂಡಿನ ತಾಂಪೆರೆಯ ತಂಗಿಗೆ: ಮಂಗಳವಾರದ ಡಿಸ್ಕ್ ಗಾಲ್ಫ್‌ಗೆ ಹೋಗಲಾ ಅಂತ ಕೇಳಿದ್ದೆಯಲ್ಲ

"ಅಕ್ಕಾ, ತಾಂಪೆರೆಯ ಹೆರ್ವಾಂತ ಬಡಾವಣೆಗೆ ಬಂದು ಐದು ತಿಂಗಳಾಯ್ತು. ಕೆಲಸ ಚೆನ್ನಾಗಿದೆ, ಆದ್ರೆ ಯಾರೂ ಮಾತಾಡಲ್ಲ. ಆಫೀಸಿನಲ್ಲಿ ಒಬ್ಬರು ಮಂಗಳವಾರ ಸಂಜೆ ಡಿಸ್ಕ್ ಗಾಲ್ಫ್‌ಗೆ ಬಾ ಅಂತಿದ್ದಾರೆ. ನನಗೆ ಆಟವೇ ಗೊತ್ತಿಲ್ಲ. ಆ ಗುಂಪು ಈಗ ಮೊದಲಿನ ಹಾಗಿಲ್ಲ, ಕರಗ್ತಾ ಇದೆ ಅಂತ ಇನ್ನೊಬ್ಬರು ಹೇಳಿದ್ರು. ಹೋಗಲಾ ಬೇಡ್ವಾ?" ಅಂತ ಬರೆದಿದ್ದೀಯ. ಅಕ್ಕಾ ಅಂದಿದ್ದೀಯಲ್ಲ, ಹಾಗಾಗಿ ನೀನು ಅಂತಲೇ ಬರೀತೀನಿ.

ಹೋಗು. ಈ ಮಂಗಳವಾರವೇ ಹೋಗು. ನಾನೂ ಆ ಗುಂಪಿನವಳೇ. ಕರಗ್ತಾ ಇದೆ ಅಂದವರ ಮಾತು ಅರ್ಧ ನಿಜ. ಆ ಅರ್ಧದ ವಿಷಯ ಆಮೇಲೆ.

ನಾನು ಈ ದೇಶಕ್ಕೆ ಬಂದು ಹದಿನಾಲ್ಕು ವರ್ಷ ಆಯ್ತು. ಮೊದಲ ಎರಡು ಚಳಿಗಾಲದಲ್ಲಿ ನಾನು ಫಿನ್ನಿಶ್‌ನಲ್ಲಿ ಆಡಿದ ಮಾತು ಅಂದ್ರೆ ಅಂಗಡಿ ಕೌಂಟರಿನಲ್ಲಿ "ಚೀಲ ಬೇಡ" ಅನ್ನೋದೊಂದೇ. ಆಫೀಸಿನ ಕಾಫಿ ಕೋಣೆಯಲ್ಲಿ ಎಲ್ಲರೂ ಸುಮ್ಮನೆ ಕೂತಿರ್ತಿದ್ರು. ನನ್ನಿಂದಲೇ ಏನೋ ತಪ್ಪಾಗಿದೆ ಅಂದ್ಕೊಂಡು ಹಿಮ, ಬಸ್ಸು, ಟಿವಿ ಅಂತ ನಾನೊಬ್ಬಳೇ ವಟಗುಟ್ಟಿ ಸುಸ್ತಾಗ್ತಿದ್ದೆ. ಮೂರನೇ ಬೇಸಿಗೆಯಲ್ಲಿ ಪಕ್ಕದ ಮೇಜಿನವನು, ಅಲ್ಲಿವರೆಗೆ ನನ್ನ ಜೊತೆ ಹತ್ತು ವಾಕ್ಯ ಆಡಿರದವನು, ಆಟಕ್ಕೆ ಕರೆದ. ಅಲ್ಲಿ ಹೋದ ಮೇಲೆ ಇವರ ಮೌನದ ಗುಟ್ಟು ಸ್ವಲ್ಪ ಗೊತ್ತಾಯ್ತು. ಒಬ್ಬರು ಡಿಸ್ಕ್, ಅಂದ್ರೆ ಪ್ಲಾಸ್ಟಿಕ್ ತಟ್ಟೆ, ಎಸೆಯುವಾಗ ಉಳಿದವರು ಅಲುಗಾಡಬಾರದು, ಪಿಟ್ಟೆನ್ನಬಾರದು. ಎಸೆದಾದ ಮೇಲೆ ಕಾಡಿನೊಳಗೆ ನೂರಿನ್ನೂರು ಹೆಜ್ಜೆ ಜೊತೆಗೆ ನಡೀಬೇಕು. ಕಣ್ಣಲ್ಲಿ ಕಣ್ಣಿಟ್ಟು ಮಾತಾಡುವ ಬಲವಂತ ಇಲ್ಲ, ಎಲ್ಲರ ಕಣ್ಣೂ ಪೊದೆಯಲ್ಲಿ ಡಿಸ್ಕ್ ಹುಡುಕ್ತಾ ಇರುತ್ತೆ. ಆಗ ಇವರ ಬಾಯಿ ತೆರೆಯುತ್ತೆ ನೋಡು! ಒಬ್ಬರ ವಿಚ್ಛೇದನ, ಇನ್ನೊಬ್ಬರ ಅಮ್ಮನ ಮರೆವಿನ ಕಾಯಿಲೆ, ಮತ್ತೊಬ್ಬರ ಮನೆ ಸಾಲ, ಎಲ್ಲ ನಾನು ಕೇಳಿದ್ದು ಏಳನೇ ಹೋಲ್‌ಗೂ ಎಂಟನೇ ಹೋಲ್‌ಗೂ (ಹೋಲ್ ಅಂದ್ರೆ ಒಂದೊಂದು ಗುರಿ) ನಡುವಿನ ದಾರಿಯಲ್ಲಿ. ಮಾರನೇ ದಿನ ಕಾಫಿ ಕೋಣೆಯಲ್ಲಿ ಅದೇ ಜನ ಮತ್ತೆ ಸುಮ್ಮನೆ. ಬೇಜಾರು ಮಾಡ್ಕೋಬೇಡ.

ಆಟ ಗಾಲ್ಫ್‌ನ ಲೆಕ್ಕದ್ದೇ. ಚೆಂಡಿನ ಬದಲು ಡಿಸ್ಕ್, ಗುಂಡಿಯ ಬದಲು ಸರಪಳಿ ಇಳಿಬಿಟ್ಟ ಕಬ್ಬಿಣದ ಬುಟ್ಟಿ. ಸಾಮಾನ್ಯವಾಗಿ ಹದಿನೆಂಟು ಹೋಲ್, ಕಡಿಮೆ ಎಸೆತದಲ್ಲಿ ಮುಗಿಸಿದವರು ಗೆದ್ದ ಹಾಗೆ. 1975ರಲ್ಲಿ ಕ್ಯಾಲಿಫೋರ್ನಿಯಾದ ಓಕ್ ಗ್ರೋವ್ ಪಾರ್ಕಿನಲ್ಲಿ ಎಡ್ ಹೆಡ್ರಿಕ್ ಅನ್ನುವವರು ಮೊದಲ ಕೋರ್ಸ್, ಅಂದ್ರೆ ಆಟದ ಜಾಗ, ಮಾಡಿದ್ರು, ಸರಪಳಿ ಬುಟ್ಟಿಯೂ ಅವರದೇ ತಲೆ. 2002ರಲ್ಲಿ ಅವರು ತೀರಿಕೊಂಡಾಗ, ಅವರ ಇಷ್ಟದಂತೆ ಚಿತಾಭಸ್ಮವನ್ನು ಡಿಸ್ಕ್‌ನ ಪ್ಲಾಸ್ಟಿಕ್‌ಗೆ ಬೆರೆಸಿದ್ರಂತೆ. ಈ ಆಟ ಹಚ್ಚಿಕೊಂಡವರ ಹುಚ್ಚು ಎಂಥದ್ದು ಅಂತ ಗೊತ್ತಾಗಲಿ ಅಂತ ಹೇಳಿದೆ.

ಆ ಹುಚ್ಚು ಫಿನ್‌ಲ್ಯಾಂಡಿಗೆ ಜೋರಾಗೇ ಹತ್ತಿದೆ. 56 ಲಕ್ಷ ಜನರ ದೇಶದಲ್ಲಿ ಸುಮಾರು ಸಾವಿರ ಕೋರ್ಸ್‌ಗಳು. ಹೆಚ್ಚಿನವು ಊರಿನ ಪುರಸಭೆಯ ಜಾಗದಲ್ಲಿವೆ, ಪುಕ್ಕಟೆ. ನೀನಿರುವ ಜಾಗವಂತೂ ಇದರ ನಡುಮನೆ. ಪಕ್ಕದ ನೋಕಿಯಾ ಊರಿನಲ್ಲಿ ದಿ ಬೀಸ್ಟ್ ಅನ್ನೋ ಕೋರ್ಸ್ ಇದೆ, ಯುರೋಪಿಯನ್ ಓಪನ್ ಅನ್ನೋ ದೊಡ್ಡ ಸ್ಪರ್ಧೆ ಹಲವು ಸಲ ನಡೆದಿದ್ದು ಅಲ್ಲೇ. 2024ರಲ್ಲಿ ಫಿನ್‌ಲ್ಯಾಂಡಿನ ಎವೆಲೀನಾ ಸಾಲೊನೆನ್ ಅಮೆರಿಕದಲ್ಲಿ ಮಹಿಳೆಯರ ವಿಶ್ವ ಚಾಂಪಿಯನ್ ಆದ್ಲು. ಮರುವರ್ಷ ವೃತ್ತಿಪರರ ವಿಶ್ವ ಚಾಂಪಿಯನ್‌ಶಿಪ್ ನೋಕಿಯಾ, ತಾಂಪೆರೆಗೇ ಬಂತು. ಅದು ಯುರೋಪಿಗೆ ಕಾಲಿಟ್ಟಿದ್ದು ಅದೇ ಮೊದಲು.

ಇಷ್ಟಿದ್ದೂ ಕರಗ್ತಾ ಇದೆ ಅಂತ ಯಾಕಂತಾರೆ?

ಕೋವಿಡ್ ಬಂದಾಗ ಜಿಮ್ಮು, ಈಜುಕೊಳ ಎಲ್ಲ ಮುಚ್ಚಿದ್ವು, ಕಾಡು ಮಾತ್ರ ತೆರೆದಿತ್ತು. 2020, 2021ರಲ್ಲಿ ಕೋರ್ಸ್‌ನ ಮೊದಲ ಹೋಲ್ ಹತ್ರ ಕ್ಯೂ ನಿಂತಿದ್ದೀನಿ. ಅಂಗಡಿಯಲ್ಲಿ ಬೇಕಾದ ಡಿಸ್ಕ್ ಸಿಗ್ತಿರಲಿಲ್ಲ, ಸಿಕ್ಕಿದ ಬಣ್ಣ ತಗೊಂಡು ಬರ್ತಿದ್ವಿ. ಕೋರ್ಸ್‌ಗಳು ಅಣಬೆ ಎದ್ದ ಹಾಗೆ ಎದ್ವು. ಆಮೇಲೆ ಜಿಮ್ಮು ತೆರೀತು, ಜನ ಹೊರಟುಹೋದ್ರು. ಈಗ ಅದೇ ಡಿಸ್ಕ್‌ಗಳು ರಿಯಾಯಿತಿ ದರದ ಬುಟ್ಟಿಯಲ್ಲಿ ರಾಶಿ ಬಿದ್ದಿವೆ. ಅಂಗಡಿಯವರನ್ನ ಕೇಳಿದ್ರೆ ಆಟ ಸತ್ತಿದೆ ಅಂತಾರೆ. ನಾನು ಒಪ್ಪಲ್ಲ. ನಮ್ಮ ಮಂಗಳವಾರದ ಆಟಕ್ಕೆ 2019ರಲ್ಲಿ ಮೂವತ್ತು ಜನ ಬರ್ತಿದ್ರು, ಈಗಲೂ ಹತ್ರಹತ್ರ ಅಷ್ಟೇ. ನಡುವೆ ಬಂದಿದ್ದು ನೆರೆ, ಇಳೀತು ಅಷ್ಟೇ.

ನಿಜವಾಗಿ ಸವೆದಿರೋದು ಕೈಗಳು. ಆಡೋ ಕೈ ಅಲ್ಲ, ಗುದ್ದಲಿ ಹಿಡಿಯೋ ಕೈ. ಪುರಸಭೆ ಜಾಗ ಕೊಡುತ್ತೆ, ಬುಟ್ಟಿ ಕೊಡಿಸುತ್ತೆ. ಹುಲ್ಲು ಕೊಯ್ಯೋದು, ಸವೆದ ಬೇರಿನ ಮೇಲೆ ಮರದ ಚಕ್ಕೆ ಸುರಿಯೋದು, ಮುರಿದ ಫಲಕ ಬದಲಿಸೋದು ಕ್ಲಬ್ಬಿನವರ ಪಾಲಿಗೆ. ಅದಕ್ಕೆ ಇವರು ತಾಲ್ಕೋತ್ ಅಂತಾರೆ. ನಮ್ಮ ಕಡೆಯ ಮುಯ್ಯಾಳು ಇದೆಯಲ್ಲ, ಹೆಚ್ಚುಕಡಿಮೆ ಅದೇ: ಕೂಲಿ ಇಲ್ಲ, ಎಲ್ಲರೂ ಸೇರಿ ದುಡಿಯೋದು, ಕೊನೆಗೆ ಒಟ್ಟಿಗೆ ಏನಾದ್ರೂ ತಿನ್ನೋದು. ಕಳೆದ ಮೇ ತಿಂಗಳ ತಾಲ್ಕೋತ್‌ಗೆ ಎಂಟೇ ಜನ ಬಂದಿದ್ವಿ. ಹನ್ನೊಂದನೇ ಹೋಲ್‌ನ ಟೀ, ಅಂದ್ರೆ ನಿಂತು ಎಸೆಯೋ ಜಾಗ, ಹಿಮ ಕರಗಿ ಒಂದು ಕಡೆ ಕುಸಿದಿತ್ತು. ಹಳೇ ಕೃತಕ ಹುಲ್ಲಿನ ಹಾಸು ಕಿತ್ತು, ಕೊಳೆತ ಹಲಗೆ ತೆಗೆದು, ತಳ್ಳುಗಾಡಿಯಲ್ಲಿ ಜಲ್ಲಿ ತಂದು ಸುರಿದ್ವಿ. ನಮ್ಮ ಕ್ಲಬ್ಬಿನ ಹಿರಿಯರೊಬ್ಬರಿದ್ದಾರೆ, ಎಪ್ಪತ್ತರ ಹತ್ರ. ಮಂಡಿ ಊರೋಕೆ ಆಗಲ್ಲ ಅವರಿಗೆ. ಮರಕ್ಕೆ ಒರಗಿ ನಿಂತು, ನಾನು ಮಟ್ಟಗೋಲು ಇಟ್ಟಾಗೆಲ್ಲ ಗುಳ್ಳೆ ನೋಡಿ "ಇನ್ನೂ ಸ್ವಲ್ಪ ಎಡಕ್ಕೆ" ಅಂತ ಬೆರಳಲ್ಲೇ ತೋರಿಸ್ತಿದ್ರು. ಕ್ಲಬ್ಬಿನ ಲೆಕ್ಕ, ಸ್ಪರ್ಧೆ, ಪುರಸಭೆಯ ಕಾಗದಪತ್ರ ಎಲ್ಲ ಅವರ ತಲೆ ಮೇಲೆ. ಮೂರು ವರ್ಷದಿಂದ "ನನಗೆ ಬದಲಿ ಹುಡುಕಿ" ಅಂತಿದ್ದಾರೆ, ವಾರ್ಷಿಕ ಸಭೆಯಲ್ಲಿ ಎಲ್ಲರೂ ತಮ್ಮ ತಮ್ಮ ಶೂ ನೋಡ್ಕೋತಾರೆ. ನಾನೂ ನೋಡ್ಕೊಂಡಿದ್ದೀನಿ, ಸುಳ್ಳು ಯಾಕೆ.

ಜಾಗದ ತಲೆಬಿಸಿಯೂ ಇದೆ. ಊರು ಬೆಳೆದ ಹಾಗೆ ಕಾಡಿನಂಚಿನ ಕೋರ್ಸ್‌ಗಳ ಪಕ್ಕಕ್ಕೇ ಮನೆಗಳು ಬರ್ತಿವೆ. ನಾಯಿ ಅಡ್ಡಾಡಿಸೋರಿಗೆ, ಬೆರ್ರಿ ಕೊಯ್ಯೋರಿಗೆ ಡಿಸ್ಕ್‌ನ ಭಯ. ಅವರ ಭಯ ಸರಿಯಾದದ್ದೇ, 170 ಗ್ರಾಂ ಗಟ್ಟಿ ಪ್ಲಾಸ್ಟಿಕ್ ತಲೆಗೆ ಬಡಿದ್ರೆ ತಮಾಷೆ ಅಲ್ಲ. ದಾರಿಯಲ್ಲಿ ಯಾರಾದ್ರೂ ಕಂಡ್ರೆ ಎಸೀಬೇಡ, ಅವರು ದಾಟೋವರೆಗೆ ಕಾಯಿ. ನಾನು ಮೊದಲ ದಿನ ಇದರ ತಲೆಕೆಳಗಿನ ತಪ್ಪು ಮಾಡಿದ್ದೆ: ಎಸೆಯೋರ ಮುಂದೆ ಹೋಗಿ ಕಾಡಿನ ಫೋಟೋ ತೆಗೀತಾ ನಿಂತಿದ್ದೆ. ಒಬ್ಬಾಕೆ ಬಂದು ನನ್ನ ತೋಳು ಹಿಡಿದು, ಒಂದು ಮಾತೂ ಆಡದೆ, ಕುರ್ಚಿ ಸರಿಸಿದ ಹಾಗೆ ನನ್ನನ್ನ ಪಕ್ಕಕ್ಕೆ ಸರಿಸಿದ್ಲು. ಈಗ ಅವಳು ನನ್ನ ಮಗಳ ಹುಟ್ಟುಹಬ್ಬಕ್ಕೆ ಬರ್ತಾಳೆ.

ಹೆಂಗಸರು ಕಡಿಮೆ, ಅದನ್ನ ಮುಚ್ಚಿಡಲ್ಲ. ಮೂವತ್ತರಲ್ಲಿ ನಾವು ಮೂರೋ ನಾಲ್ಕೋ. ಸಾಲೊನೆನ್ ಗೆದ್ದ ಮೇಲೆ ಹುಡುಗಿಯರು ಬರ್ತಿದ್ದಾರೆ, ಆದ್ರೆ ಮಂಗಳವಾರದ ಸಂಜೆಗೆ ಇನ್ನೂ ಬಂದಿಲ್ಲ. ಕೇಳದಿದ್ದರೂ ಹೇಳಿಕೊಡೋಕೆ ಬರುವ ಗಂಡಸರು ಒಬ್ಬಿಬ್ಬರು ಇರ್ತಾರೆ. ತಲೆ ಆಡಿಸಿ ನಿನ್ನ ಪಾಡಿಗೆ ನೀನು ಎಸಿ. ಕೆಟ್ಟ ಮಾತು ನಾನಂತೂ ಕೇಳಿಲ್ಲ. ಒಬ್ಬ ಮಾತ್ರ ಮೂರು ವಾರ ಬಿಡದೆ "ನಿಮ್ಮ ದೇಶದಲ್ಲಿ ಈ ಆಟ ಇದೆಯಾ?" ಅಂತ ಕೇಳಿದ. ಉರಿದುಹೋಗಿತ್ತು ನನಗೆ. ಧೈರ್ಯವಾಗಿ ಹೇಳೋಕೆ ಬರ್ತಿದ್ದ ಇಂಗ್ಲಿಷ್ ವಾಕ್ಯ ಅವನಿಗೆ ಅದೊಂದೇ ಅಂತ ಆಮೇಲೆ ಗೊತ್ತಾಯ್ತು.

ಸಾಮಾನಿಗೆ ದುಡ್ಡು ಸುರೀಬೇಡ. ಡಿಸ್ಕ್ ಮೇಲೆ ನಾಲ್ಕು ಅಂಕಿ ಇರುತ್ತೆ: ವೇಗ, ತೇಲು, ತಿರುಗು, ಕೊನೆಗೆ ವಾಲು. ಮೊದಲ ಅಂಕಿ 12, 13 ಇರೋದನ್ನ ಹುಡುಗರು ಕೊಡೋಕೆ ಬರ್ತಾರೆ, ಬೇಡ ಅನ್ನು. ಅಷ್ಟು ವೇಗವಾಗಿ ಎಸೆಯೋ ತೋಳು ನಮಗೆ ಈಗಲೇ ಇಲ್ಲ, ಬಲಗೈಯಲ್ಲಿ ಎಸೆದ್ರೆ ಹೊರಟ ಕೂಡಲೇ ಎಡಕ್ಕೆ ಬಿದ್ದುಹೋಗುತ್ತೆ. ಬುಟ್ಟಿ ಹತ್ರದ ಎಸೆತಕ್ಕೆ ಒಂದು ಪಟರ್, ನಡು ದೂರಕ್ಕೆ ಒಂದು ಮಿಡ್‌ರೇಂಜ್ ಸಾಕು, ಒಂದೊಂದು ಹತ್ತು ಹದಿನೈದು ಯೂರೋ. ಹಳೇದು ಇನ್ನೂ ಅಗ್ಗ. ತಂದ ದಿನವೇ ಹಿಂಬದಿಯಲ್ಲಿ ಮಾರ್ಕರ್‌ನಿಂದ ನಿನ್ನ ಫೋನ್ ನಂಬರ್ ಬರಿ. ಒಂದು ಅಕ್ಟೋಬರ್‌ನಲ್ಲಿ ಕಳ್ಕೊಂಡಿದ್ದ ನನ್ನ ಹಳದಿ ಡಿಸ್ಕ್ ಬಗ್ಗೆ ಮುಂದಿನ ಏಪ್ರಿಲ್‌ನಲ್ಲಿ ಗೊತ್ತಿಲ್ಲದ ನಂಬರಿನಿಂದ ಮೆಸೇಜ್ ಬಂತು: "ಹಿಮದಡಿ ಸಿಕ್ಕಿತು. ಐದನೇ ಹೋಲ್‌ನ ಬೆಂಚಿನ ಕೆಳಗಿದೆ." ಹೆಸರಿಲ್ಲ, ನಮಸ್ಕಾರ ಇಲ್ಲ. ಹೋಗಿ ನೋಡಿದ್ರೆ ಮಣ್ಣು ಒರೆಸಿ ಇಟ್ಟಿದ್ರು.

ಚಳಿಗಾಲದ ಆಟದ ಬಗ್ಗೆ ಈಗ ಹೆದರಿಸಲ್ಲ. ಡಿಸೆಂಬರ್‌ನಲ್ಲಿ ಡಿಸ್ಕ್‌ಗೆ ಪುಟ್ಟ ಎಲ್‌ಇಡಿ ಅಂಟಿಸಿ ಕತ್ತಲಲ್ಲಿ ಆಡ್ತೀವಿ ಅಂತಷ್ಟೇ ಹೇಳ್ತೀನಿ. ಬೇಸಿಗೆಯಲ್ಲಿ ಮನೆಗೆ ಬಂದ ಮೇಲೆ ಕಾಲು, ಮಂಡಿ ಹಿಂದೆ ಉಣ್ಣಿ ಹುಳ ಹತ್ತಿದೆಯಾ ನೋಡ್ಕೋ, ಅದು ಮರೀಬೇಡ.

ಮಂಗಳವಾರ ಆರು ಗಂಟೆಗೆ ಆಟ ಶುರು. ಮೆಟ್ರಿಕ್ಸ್ ಆ್ಯಪ್‌ನಲ್ಲಿ ಹೆಸರು ಹಾಕಬೇಕು, ನಾಲ್ಕು ನಾಲ್ಕು ಜನರ ಗುಂಪು ಅದೇ ಮಾಡುತ್ತೆ, ಯಾರ ಜೊತೆ ಬೀಳ್ತೀವೋ ಗೊತ್ತಿರಲ್ಲ. ಐದೂವರೆಗೇ ಬಂದ್ರೆ ಪಾರ್ಕಿಂಗ್ ಪಕ್ಕದ ಅಭ್ಯಾಸದ ಬುಟ್ಟಿ ಹತ್ರ ಇರ್ತೀನಿ, ಕೆಂಪು ಟೋಪಿ. ನನ್ನ ಹತ್ರ ಎರಡು ಡಿಸ್ಕ್ ಹೆಚ್ಚಿಗೆ ಇದೆ, ಏನೂ ಕೊಳ್ಳದೆ ಬಾ. ಮೇ ಮೊದಲ ಶನಿವಾರ ತಾಲ್ಕೋತ್. ಹದಿನಾಲ್ಕನೇ ಹೋಲ್‌ನ ಟೀ ಕಿತ್ತು ಹಾಕೋದಿದೆ, ಕೈಗವಸು ನಾನೇ ತರ್ತೀನಿ.