ಸಂಪಾದಕರ ಉತ್ತರ: ಶಿವಮ್ಮ ಯಾವ ಕನ್ನಡದಲ್ಲಿ ಮಾತಾಡಬೇಕಿತ್ತು?

ಮೈಸೂರಿನ ನಿವೃತ್ತ ಅಧ್ಯಾಪಕಿಯೊಬ್ಬರು ನಾಲ್ಕು ಪುಟದ ಪತ್ರ ಬರೆದಿದ್ದಾರೆ. ದಸರಾ ರಜೆಯಲ್ಲಿ ಮೊಮ್ಮಗನ ಜೊತೆ ಕೂತು ‘ತಿಥಿ’, ‘ಗರುಡ ಗಮನ ವೃಷಭ ವಾಹನ’, ‘ಶಿವಮ್ಮ ಯರೇಹಂಚಿನಾಳ’, ‘ಸು ಫ್ರಮ್ ಸೋ’ ಸಿನಿಮಾಗಳನ್ನು ನೋಡಿದರಂತೆ. ಒಂದೊಂದಕ್ಕೂ ಹತ್ತಕ್ಕೆ ಇಷ್ಟೆಂದು ಅಂಕ ಕೊಟ್ಟು, ಕೊನೆಗೆ ಕೇಳುತ್ತಾರೆ: ‘ಇವುಗಳಲ್ಲಿ ಒಂದರಲ್ಲಾದರೂ ಶುದ್ಧ ಕನ್ನಡ ಇದೆಯೇ? ರಾಜ್‌ಕುಮಾರ್ ಅವರ ಕನ್ನಡ ಕೇಳಿ ಬೆಳೆದವರು ನಾವು. ಮೊಮ್ಮಗ ಈಗ ಮಾತುಮಾತಿಗೂ “ಎಂಥ ಮಾರಾಯ” ಅನ್ನುತ್ತಾನೆ.’

ಮೇಡಂ, ರಾಜ್‌ಕುಮಾರ್ ವಿಷಯದಲ್ಲಿ ನಿಮಗೆ ಎದುರಾಡಲಾರೆ. ಅಲ್ಪಪ್ರಾಣ, ಮಹಾಪ್ರಾಣ ಎರಡೂ ಬಿಡಿಬಿಡಿಯಾಗಿ ಕೇಳಿಸುವ ಆ ಕಂಠ ಕನ್ನಡದ ಭಾಗ್ಯ. ಆದರೆ ಅದು 1954ರ ‘ಬೇಡರ ಕಣ್ಣಪ್ಪ’ಕ್ಕೂ ಮುಂಚೆ ಗುಬ್ಬಿ ವೀರಣ್ಣನವರ ಕಂಪನಿಯಲ್ಲಿ ಪಳಗಿದ ನಾಲಿಗೆ. ರಂಗದ ಮೇಲಿನ ಆ ಕನ್ನಡವೇ ಮನೆಮನೆಯ ಕನ್ನಡ ಎಂದು ನಾವು ನಂಬಿಬಿಟ್ಟೆವು. ನಮ್ಮ ಮೊದಲ ವಾಕ್ಚಿತ್ರ ‘ಸತಿ ಸುಲೋಚನಾ’ 1934ರಲ್ಲಿ ತಯಾರಾದದ್ದು ಕೊಲ್ಹಾಪುರದಲ್ಲಿ. ಆಮೇಲೆ ದಶಕಗಟ್ಟಲೆ ಮದರಾಸಿನ ಸ್ಟುಡಿಯೋಗಳು. ಊರಿನಿಂದ ಅಷ್ಟು ದೂರದಲ್ಲಿ ಹುಟ್ಟಿದ ಮಾತಿಗೆ ಊರಿನ ವಾಸನೆ ಎಲ್ಲಿಂದ ಬರಬೇಕು?

ತೊಂಬತ್ತೊಂದು ವರ್ಷ ಕಳೆದು, 2025ರಲ್ಲಿ, ಇನ್ನೊಬ್ಬ ಸುಲೋಚನಾ ಬಂದಳು. ‘ಸು ಫ್ರಮ್ ಸೋ’ ಎಂದರೆ ಸೋಮೇಶ್ವರದ ಸುಲೋಚನಾ ತಾನೇ! ಮೊದಲಿನವಳು ಪುರಾಣದವಳು, ಇಂದ್ರಜಿತುವಿನ ಹೆಂಡತಿ. ಇವಳು ದೆವ್ವ, ಇವಳಿಗೆ ಹೆದರುವ ಊರಿಗೆ ಊರೇ ಕರಾವಳಿ ಕನ್ನಡ ಆಡುತ್ತದೆ. ಜೆ.ಪಿ. ತುಮಿನಾಡು ಅವರ ಈ ಚಿತ್ರ ಬಾಯಿಂದ ಬಾಯಿಗೆ ಹರಡಿ ಘಟ್ಟದ ಮೇಲೂ ಥಿಯೇಟರ್ ತುಂಬಿಸಿತು. ನಾನು ನೋಡಿದ ಆಟದಲ್ಲಿ ಪಕ್ಕದವರನ್ನು ‘ಏನಂದ?’ ಎಂದು ಕೇಳಿದವರು ಒಬ್ಬರೂ ಇಲ್ಲ.

ಹಿಂದೆಯೂ ಪರದೆಯ ಮೇಲೆ ಈ ಮಾತುಗಳಿದ್ದವು, ನಗಿಸುವುದಕ್ಕೆ. ನಾಯಕನಿಗೆ ಪುಸ್ತಕದ ಕನ್ನಡ, ಅಡುಗೆಭಟ್ಟನಿಗೆ ಮಂಗಳೂರು ಕನ್ನಡ, ಪೊಲೀಸ್ ಪೇದೆಗೆ ಹುಬ್ಬಳ್ಳಿ ಕನ್ನಡ. ರಾಜ್ ಬಿ. ಶೆಟ್ಟರ ‘ಗರುಡ ಗಮನ’ದ ರಕ್ತಪಾತವನ್ನು ಮೊಮ್ಮಗನ ಜೊತೆ ನೋಡಬಾರದಿತ್ತು ಎಂಬುದು ನಿಜ. ಆದರೆ ಮಂಗಳೂರು ಕನ್ನಡಕ್ಕೂ ಸಿಟ್ಟು ಬರುತ್ತದೆ, ಅದಕ್ಕೂ ದುಃಖವಿದೆ ಎಂದು ತೋರಿಸಿದ ಚಿತ್ರ ಅದು. ‘ತಿಥಿ’ಯಂತೂ ನಿಮ್ಮ ಮಗ್ಗುಲಿನ ಮಂಡ್ಯ ಸೀಮೆಯದು. ಬರೆದ ಈರೇಗೌಡರು ಅದೇ ಸೀಮೆಯವರು, ಸೆಂಚುರಿ ಗೌಡ, ಗಡ್ಡಪ್ಪನ ಪಾತ್ರ ಮಾಡಿದವರು ಹಳ್ಳಿಯವರೇ. 2015ರಲ್ಲಿ ಸ್ವಿಟ್ಜರ್ಲೆಂಡಿನ ಲೊಕಾರ್ನೊ ಚಿತ್ರೋತ್ಸವದಲ್ಲಿ ಅದಕ್ಕೆ ಎರಡು ಪ್ರಶಸ್ತಿ ಬಂತು. ಮೈಸೂರಿನಲ್ಲಿ ನಿಮ್ಮಿಂದ ಐದೇ ಅಂಕ!

ನನಗೆ ನೋವಾದದ್ದು ‘ಶಿವಮ್ಮ’ನಿಗೆ ನೀವು ಕೊಟ್ಟ ಮೂರು ಅಂಕ. ‘ಕಥೆಯಿಲ್ಲ, ಮಾತು ಒರಟು’ ಎಂದಿದ್ದೀರಿ. ಸರ್ಕಾರಿ ಶಾಲೆಯಲ್ಲಿ ಬಿಸಿಯೂಟ ಬೇಯಿಸುವ ಹೆಂಗಸು, ಹಾಸಿಗೆ ಹಿಡಿದ ಗಂಡ, ಮಗಳ ಮದುವೆಯ ಚಿಂತೆ. ಇರುವ ದುಡ್ಡನ್ನೆಲ್ಲ ಚೈನ್ ಮಾರ್ಕೆಟಿಂಗ್ ಪುಡಿಯೊಂದಕ್ಕೆ ಸುರಿದು ಊರೆಲ್ಲ ಮಾರುತ್ತ ತಿರುಗುತ್ತಾಳೆ. ಇದು ಕಥೆಯಲ್ಲವೇ? ಜೈಶಂಕರ್ ಆರ್ಯರ್ ಅವರ ಈ ಚಿತ್ರಕ್ಕೆ 2022ರಲ್ಲಿ ದಕ್ಷಿಣ ಕೊರಿಯಾದ ಬುಸಾನ್ ಚಿತ್ರೋತ್ಸವದ ನ್ಯೂ ಕರೆಂಟ್ಸ್ ಪ್ರಶಸ್ತಿ ಬಂದಿತು. ಪ್ರಶಸ್ತಿಯ ಮಾತು ಬಿಡಿ. ಕೊಪ್ಪಳದ ಯರೇಹಂಚಿನಾಳದ ಹೆಂಗಸು ಬೇರೆ ಯಾವ ಕನ್ನಡದಲ್ಲಿ ಗಿರಾಕಿಯನ್ನು ಒಲಿಸಬೇಕಿತ್ತು?

ನಾನೂ ಕೊಪ್ಪಳ ಕಡೆಯವನೇ. ಕಾಲೇಜಿಗೆಂದು ದಕ್ಷಿಣಕ್ಕೆ ಬಂದ ಮೊದಲ ವಾರ ಮೇಷ್ಟ್ರು ಪ್ರಶ್ನೆ ಕೇಳಿದಾಗ ‘ನನಗ ಗೊತ್ತಿಲ್ರೀ ಸರ’ ಅಂದೆ. ‘ಎಲ್ಲಿ, ಇನ್ನೊಂದು ಸಲ ಹೇಳು’ ಎಂದು ಎರಡು ಬಾರಿ ಹೇಳಿಸಿದರು. ಇಡೀ ಕ್ಲಾಸು ನಕ್ಕಿತು. ಆ ವರ್ಷ ನಾನು ಮತ್ತೆ ಅಲ್ಲಿ ಬಾಯಿ ತೆರೆಯಲಿಲ್ಲ.

ನೀವು ಕನ್ನಡ ಕಲಿಸಿದವರು, ‘ಕವಿರಾಜಮಾರ್ಗ’ ನನಗಿಂತ ಚೆನ್ನಾಗಿ ಬಲ್ಲಿರಿ. ಸಾವಿರ ನಾಲಿಗೆಯ ವಾಸುಕಿಗೂ ಬೇಸರವಾಗುವಷ್ಟು ದೇಸಿಗಳಿವೆ ಎನ್ನುವ ಆ ಒಂಬತ್ತನೆಯ ಶತಮಾನದ ಗ್ರಂಥದಲ್ಲೇ ‘ಕನ್ನಡಂಗಳ್’ ಎಂಬ ಬಹುವಚನ ಇದೆಯಲ್ಲ! ದೇವನೂರ ಮಹಾದೇವರ ಆಡುಮಾತಿನ ಕಾದಂಬರಿ ‘ಕುಸುಮಬಾಲೆ’ ಬಂದಾಗ ಅದನ್ನು ಕನ್ನಡಕ್ಕೇ ಅನುವಾದಿಸಬೇಕೆಂದು ಕೆಲವರು ಅಂದರು. 1990ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಅಷ್ಟಾದರೂ ಟಿ.ವಿ. ವಾರ್ತೆಯಲ್ಲಿ ಒಂದೇ ಕನ್ನಡ, ಪಠ್ಯದಲ್ಲಿ ಒಂದೇ ಕನ್ನಡ. ಬೀದರಿನ ಹುಡುಗಿ ಬೆಂಗಳೂರಿನಲ್ಲಿ ಕೆಲಸಕ್ಕೆ ಹೋದರೆ ಮೊದಲು ಮರೆಯಬೇಕಾದದ್ದು ಅವ್ವನ ಮಾತು. ನಮ್ಮ ಪತ್ರಿಕೆಯೂ ತಪ್ಪು ಮಾಡಿದೆ: ಕಲಬುರಗಿಯಿಂದ, ಕುಂದಾಪುರದಿಂದ ಬಂದ ಕಥೆಗಳ ಮಾತನ್ನು ಎಷ್ಟೋ ಸಲ ‘ತಿದ್ದಿ’ ಅಚ್ಚು ಹಾಕಿದ್ದೇವೆ. ಮುಂದಿನ ಸಂಚಿಕೆಯಿಂದ ಆ ಕೆಲಸ ಮಾಡುವುದಿಲ್ಲ. ಮೊಮ್ಮಗನೂ ‘ಎಂಥ ಮಾರಾಯ’ ಅನ್ನಲಿ ಬಿಡಿ ಮೇಡಂ, ಅವನಿಗೆ ಇನ್ನೊಂದು ಕನ್ನಡ ಬಂತು.

ಕಳೆದ ವರ್ಷ ಊರಿಗೆ ಹೋದಾಗ ಎಂಬತ್ತು ದಾಟಿದ ನಮ್ಮವ್ವನಿಗೆ ‘ಶಿವಮ್ಮ’ ತೋರಿಸಿದೆ. ಸಿನಿಮಾ ಹಾಕಿದರೆ ಹತ್ತು ನಿಮಿಷಕ್ಕೇ ತೂಕಡಿಸುವವಳು ಗೋಡೆಗೆ ಆನಿಸಿದ್ದ ಬೆನ್ನು ಬಿಡಿಸಿ ಮುಂದಕ್ಕೆ ಬಂದು ಕೂತಳು. ಶಿವಮ್ಮ ಇದ್ದ ದುಡ್ಡಿಗೇ ಕೈ ಹಾಕಿದಾಗ ಟಿ.ವಿ.ಯತ್ತ ಕೈ ಚಾಚಿ, ‘ಬ್ಯಾಡಬೇ ಯವ್ವಾ, ಮಗಳ ಮದವಿ ಐತಿ, ಆ ರೊಕ್ಕ ಮುಟ್ಟಬ್ಯಾಡ’ ಅಂದಳು.