ಆಲ್ಬರ್ಟಾ ಪ್ರವಾಸದಲ್ಲಿ ಪ್ರೇರಿ ಬಯಲನ್ನು ಕೈಬಿಟ್ಟು ಬೆಟ್ಟಗಳನ್ನಷ್ಟೇ ನೋಡಿದರೆ ಸಾಕೇ?

ಜುಲೈಯಲ್ಲಿ ತಂದೆ ತಾಯಿಯರನ್ನು ಕರೆದುಕೊಂಡು ಒಂಬತ್ತು ದಿನ ಕೆನಡಾದ ಆಲ್ಬರ್ಟಾಕ್ಕೆ ಹೊರಟಿದ್ದೀರಿ. ಪ್ರೇರಿ ಎಂದರೆ ಬರೀ ಬಯಲು, ಅದನ್ನು ಬಿಟ್ಟು ಅಷ್ಟೂ ದಿನಗಳನ್ನು ಬೆಟ್ಟಗಳ ರಾಷ್ಟ್ರೀಯ ಉದ್ಯಾನವಾದ ಬ್ಯಾನ್ಫ್‌ಗೇ ಕೊಡಬಹುದೇ ಎಂದು ಕೇಳಿದ್ದೀರಿ. ಇದೇ ಲೆಕ್ಕವನ್ನು ನಾನೂ ಹಾಕಿದ್ದೆ, ಅದೂ ಗದಗಿನ ಎರೆಹೊಲದಲ್ಲಿ ಆಯುಷ್ಯವಿಡೀ ಬೇಸಾಯ ಮಾಡಿದ ಅಪ್ಪನನ್ನು ಪಕ್ಕದಲ್ಲೇ ಕೂರಿಸಿಕೊಂಡು.

ನನ್ನ ತಲೆಯಲ್ಲಿದ್ದದ್ದು ಒಂದೇ ಒಂದು ಸರೋವರ, ಆ ಉದ್ಯಾನದ ಮೊರೇನ್ ಲೇಕ್. ಹಿಮನದಿ ಅರೆದ ಕಲ್ಲಿನ ನುಣ್ಣನೆಯ ಹಿಟ್ಟು ನೀರಿನಲ್ಲಿ ತೇಲುವುದರಿಂದ ಅದಕ್ಕೆ ಆ ನೀಲಿ ಬಣ್ಣ ಬರುತ್ತದೆ. 2023ರಿಂದ ಅಲ್ಲಿಗೆ ಖಾಸಗಿ ಕಾರುಗಳನ್ನು ಬಿಡುವುದಿಲ್ಲ. ರಾಷ್ಟ್ರೀಯ ಉದ್ಯಾನದ ಬಸ್ಸಿನಲ್ಲಿ ಸೀಟು ಕಾಯ್ದಿರಿಸಬೇಕು. ನಾವು ಹೋದ ವರ್ಷ ಏಪ್ರಿಲ್ ತಿಂಗಳ ಒಂದು ಬೆಳಿಗ್ಗೆ, ಅಲ್ಲಿನ ಗಡಿಯಾರದಲ್ಲಿ ಎಂಟು ಗಂಟೆಗೆ, ಬುಕಿಂಗ್ ತೆರೆಯುವುದಿತ್ತು. ಆಲ್ಬರ್ಟಾದ ನಗರ ಕ್ಯಾಲ್ಗರಿಗೂ ನಮಗೂ ಹನ್ನೆರಡೂವರೆ ಗಂಟೆಯ ಅಂತರ ಎಂದು ನಾನು ಜನವರಿಯಲ್ಲಿ ವಿಮಾನದ ಟಿಕೆಟ್ ತೆಗೆಸಿದ ದಿನವೇ ಲೆಕ್ಕ ಹಾಕಿ, ಅಡುಗೆಮನೆಯ ಕ್ಯಾಲೆಂಡರಿನಲ್ಲಿ ‘ರಾತ್ರಿ 8.30’ ಎಂದು ಕೆಂಪು ಶಾಯಿಯಲ್ಲಿ ಬರೆದಿಟ್ಟಿದ್ದೆ. ಜನವರಿಯ ಮಟ್ಟಿಗೆ ಆ ಲೆಕ್ಕ ಸರಿಯಾಗಿಯೇ ಇತ್ತು. ಆದರೆ ಮಾರ್ಚ್ ತಿಂಗಳ ಎರಡನೇ ಭಾನುವಾರ ಅಲ್ಲಿ ಬೇಸಿಗೆಗೆಂದು ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸಿದ್ದರಿಂದ ಅಂತರ ಹನ್ನೊಂದೂವರೆಗೆ ಇಳಿದಿತ್ತು. ಅಂದರೆ ಅವರ ಬೆಳಗಿನ ಎಂಟು ನಮ್ಮ ರಾತ್ರಿ ಏಳೂವರೆ. ನಾನು ಊಟ ಮುಗಿಸಿ, ಕೈ ಒರೆಸಿಕೊಂಡು, ಎಂಟು ಇಪ್ಪತ್ತಕ್ಕೇ ಲ್ಯಾಪ್‌ಟಾಪ್ ಮುಂದೆ ಕುಳಿತು, ಹತ್ತು ನಿಮಿಷ ಮುಂಚೆಯೇ ಬಂದೆನೆಂದು ಬೀಗುತ್ತಿದ್ದಾಗ ಬಾಗಿಲು ತೆರೆದು ಐವತ್ತು ನಿಮಿಷಗಳಾಗಿದ್ದವು. ನಮಗೆ ಬೇಕಾದ ದಿನದ ಬೆಳಗಿನ ಸೀಟುಗಳೆಲ್ಲ ಮುಗಿದುಹೋಗಿದ್ದವು. ಕ್ಯಾಲ್ಗರಿಯಲ್ಲೇ ಇದ್ದ ತಂಗಿಗೆ ಒಂದು ಕರೆ ಮಾಡಿದ್ದರೆ ಸಾಕಿತ್ತು. ಕೂಡಿಸಿ ಕಳೆಯುವ ಲೆಕ್ಕಕ್ಕೂ ಯಾರನ್ನಾದರೂ ಕೇಳುವುದೇ ಎಂಬ ಹಮ್ಮು ಬಿಡಲಿಲ್ಲ.

ಇಷ್ಟಕ್ಕೇ ನಿಂತಿದ್ದರೂ ನಷ್ಟವಿರಲಿಲ್ಲ. ಏಪ್ರಿಲ್‌ನಲ್ಲಿ ಬಿಟ್ಟದ್ದು ಶೇ. 40ರಷ್ಟು ಸೀಟುಗಳನ್ನು ಮಾತ್ರ, ಉಳಿದ ಶೇ. 60ನ್ನು ಪ್ರಯಾಣಕ್ಕೆ ಎರಡು ದಿನ ಮುಂಚೆ, ಬೆಳಿಗ್ಗೆ ಎಂಟಕ್ಕೆ ಬಿಡುತ್ತಿದ್ದರು. ಇದು ಅದೇ ಪುಟದಲ್ಲಿ ಸ್ಪಷ್ಟವಾಗಿ ಬರೆದಿತ್ತು, ನಾನು ಓದಲಿಲ್ಲ. ಬದಲಿಗೆ, ಯಾರೂ ಏಳುವ ಮೊದಲೇ ಹೋದರೆ ಕಾರನ್ನು ಬಿಟ್ಟಾರು ಎಂದುಕೊಂಡು, ತಂಗಿ ಬೇಡವೆಂದರೂ ಕೇಳದೆ, ರಾತ್ರಿ ಎರಡು ಗಂಟೆಗೆ ಎಲ್ಲರನ್ನೂ ಎಬ್ಬಿಸಿ ಕ್ಯಾಲ್ಗರಿಯಿಂದ ಹೊರಟೆ. ನಿರ್ಬಂಧ ಇಪ್ಪತ್ತನಾಲ್ಕು ಗಂಟೆಯದು. ನಸುಕಿನಲ್ಲಿ ತಿರುವಿನ ಬಳಿ ನಿಂತಿದ್ದ ಸಿಬ್ಬಂದಿ ಬಹಳ ಸೌಜನ್ಯದಿಂದ ನಮ್ಮನ್ನು ಹಿಂದಕ್ಕೆ ಕಳಿಸಿದರು. ಹಿಂದಿನ ಸೀಟಿನಲ್ಲಿ ಅಮ್ಮ ಶಾಲಿನ ಮೇಲೊಂದು ಶಾಲು ಹೊದ್ದು ನಡುಗುತ್ತಿದ್ದಳು. ಮರುದಿನ ಅವಳಿಗೆ ಜ್ವರ ಬಂತು. ಪ್ರೇರಿ ಬಯಲಿನ ಊರಾದ ಡ್ರಮ್‌ಹೆಲ್ಲರ್‌ಗೆಂದು ಇಟ್ಟಿದ್ದ ಒಂದೇ ಒಂದು ದಿನ ಮನೆಯಲ್ಲೇ ಕಳೆಯಿತು.

ಆ ಬಯಲಿಗೆ ಕೊನೆಗೆ ಹೋದದ್ದು ಹಿಂದಿರುಗುವ ದಿನ, ಸಂಜೆಯ ವಿಮಾನಕ್ಕೆ ಮುಂಚೆ, ಅರ್ಧ ದಿನಕ್ಕೆ. ಕ್ಯಾಲ್ಗರಿಯಿಂದ ಈಶಾನ್ಯಕ್ಕೆ ಸುಮಾರು 135 ಕಿಲೋಮೀಟರ್ ದಾರಿ. ಇಕ್ಕೆಲಗಳಲ್ಲೂ ಕೆನೋಲಾ ಎಂಬ ಎಣ್ಣೆಕಾಳಿನ ಬೆಳೆ ಹೂ ಬಿಟ್ಟಿತ್ತು. ಬೆಟ್ಟಗಳಲ್ಲಿ ಕೇಳಿದ್ದಕ್ಕಷ್ಟೇ ‘ಹೂಂ’ ಎನ್ನುತ್ತಿದ್ದ ಅಪ್ಪ ಅಲ್ಲಿ ತಾನಾಗಿಯೇ ಕಾರು ನಿಲ್ಲಿಸು ಎಂದ. ಬೇಲಿಯಾಚೆಯ ಗಿಡವನ್ನು ದಿಟ್ಟಿಸಿ ಇದು ಸಾಸಿವೆಯ ಕುಲದ್ದು ಎಂದ, ಅದು ನಿಜ. ರಸ್ತೆಯಂಚಿನ ಮಣ್ಣನ್ನು ಚಿಟಿಕೆಯಷ್ಟು ತೆಗೆದು, ಉಗುಳು ಹಚ್ಚಿ, ಬೆರಳುಗಳ ನಡುವೆ ಹೊಸೆದು ನೋಡಿದ. ಮುಂದಿನ ಹಳ್ಳಿಯಲ್ಲಿ ರೈಲು ಹಳಿಯ ಪಕ್ಕ ಮರದ ಹಳೆಯ ಗ್ರೇನ್ ಎಲಿವೇಟರ್ ಒಂದಿತ್ತು, ಕಾಳನ್ನು ಮೇಲಕ್ಕೆ ಸಾಗಿಸಿ ತುಂಬಿಟ್ಟು ವ್ಯಾಗನ್ನಿಗೆ ಸುರಿಯುವ ಎತ್ತರದ ಕಣಜ. ತಲೆಯೆತ್ತಿ ನೋಡುತ್ತ, “ನಾವು ಕಾಳನ್ನ ಹಗೇವಿನ್ಯಾಗ ಇಳಸ್ತೀವಿ, ಇವ್ರು ಮುಗಿಲಿಗೆ ಏರಿಸ್ಯಾರ ನೋಡು,” ಎಂದ. ಇಡೀ ಪ್ರವಾಸದಲ್ಲಿ ಆತ ಆಡಿದ ಅತಿ ಉದ್ದದ ಮಾತು ಅದೇ.

ಡ್ರಮ್‌ಹೆಲ್ಲರ್ ಸಮೀಪಿಸುವಾಗ ಆ ಸಮತಟ್ಟಾದ ನೆಲ ಇದ್ದಕ್ಕಿದ್ದಂತೆ ಕುಸಿದು, ಪದರಪದರವಾದ ಕೊರಕಲುಗಳು ಕಾಲ ಕೆಳಗೆ ತೆರೆದುಕೊಳ್ಳುತ್ತವೆ. ಬರೀ ಬಯಲು ಎನ್ನುವವರು ಅಲ್ಲಿಗೊಮ್ಮೆ ಹೋಗಬೇಕು. ಅಲ್ಲಿನ ರಾಯಲ್ ಟೈರೆಲ್ ವಸ್ತುಸಂಗ್ರಹಾಲಯದಲ್ಲಿ ನಮಗೆ ಸಿಕ್ಕಿದ್ದು ನಲವತ್ತು ನಿಮಿಷ. 2011ರಲ್ಲಿ ಉತ್ತರದ ತೈಲಮರಳಿನ ಗಣಿಯೊಂದರಲ್ಲಿ, ಅಗೆಯುವ ಯಂತ್ರ ನಡೆಸುತ್ತಿದ್ದವನ ಕಣ್ಣಿಗೆ ಬಿದ್ದ ಡೈನೋಸಾರ್ ಒಂದು ಅಲ್ಲಿದೆ. ಸುಮಾರು 11 ಕೋಟಿ ವರ್ಷ ಹಳೆಯದು, ಆದರೂ ಮೈಮೇಲಿನ ಕವಚದ ಬಿಲ್ಲೆಗಳು ಸಾಲು ಕೆಡದೆ ಉಳಿದಿವೆ. ಅಪ್ಪ ಅದರ ಮುಂದೆ ನಿಂತಿದ್ದಾಗ ತೋಳು ಹಿಡಿದು ಎಳೆದುಕೊಂಡು ಬಂದವನು ನಾನೇ.

ಹಬ್ಬದ ಬಗ್ಗೆಯೂ ಕೇಳಿದ್ದೀರಿ. ಕ್ಯಾಲ್ಗರಿ ಸ್ಟ್ಯಾಂಪೀಡ್ 1912ರಲ್ಲಿ ಆರಂಭವಾದದ್ದು, ಜುಲೈಯಲ್ಲಿ ಹತ್ತು ದಿನ ನಡೆಯುತ್ತದೆ. ಮೊದಲ ಶುಕ್ರವಾರದ ಮೆರವಣಿಗೆಯನ್ನೂ, ನಾಲ್ಕು ಕುದುರೆಗಳ ಬಂಡಿ ಓಟವನ್ನೂ ನೋಡಿ; ಕರುವಿಗೆ ಹಗ್ಗ ಬೀಸಿ ಕೆಡವುವ ರೋಡಿಯೋ ಸ್ಪರ್ಧೆಗೆ ತಾಯಿಯವರನ್ನು ಕರೆದೊಯ್ಯಬೇಡಿ, ನನ್ನ ಅಮ್ಮ ಅರ್ಧಕ್ಕೇ ಎದ್ದು ಬಂದಳು. ಬೀದಿಬೀದಿಯಲ್ಲಿ ಪುಕ್ಕಟೆ ಹಂಚುವ ಪ್ಯಾನ್‌ಕೇಕ್‌ನಲ್ಲಿ ಸಾಮಾನ್ಯವಾಗಿ ಮೊಟ್ಟೆಯಿರುತ್ತದೆ, ನೆನಪಿರಲಿ. ಆ ದಿನಗಳಲ್ಲಿ ಕೊಠಡಿ ಬಾಡಿಗೆ ವಿಪರೀತ. ನಿಮಗೆ ಕುದುರೆಗಿಂತ ನಾಟಕ, ಸಂಗೀತ ಹೆಚ್ಚು ಇಷ್ಟವಾದರೆ ಪ್ರವಾಸವನ್ನೇ ಆಗಸ್ಟ್‌ಗೆ ಮುಂದೂಡಿ ಎಡ್ಮಂಟನ್‌ಗೆ ಹೋಗಿ. ಅಲ್ಲಿನ ಫ್ರಿಂಜ್ ನಾಟಕೋತ್ಸವ 1982ರಿಂದ ನಡೆದುಬಂದಿದೆ.

ಆದ್ದರಿಂದ ಒಂಬತ್ತೂ ದಿನ ಬೆಟ್ಟಕ್ಕೇ ಎಂಬ ನಿಮ್ಮ ಯೋಚನೆಯನ್ನು ನಾನು ಒಪ್ಪುವುದಿಲ್ಲ. ಮೊದಲ ಎರಡು ದಿನಗಳನ್ನು ಬಯಲಿಗೆ ಕೊಡಿ, ಆಮೇಲೆ ಪಶ್ಚಿಮಕ್ಕೆ ತಿರುಗಿ. ದಣಿದು ಬಂದ ಹಿರಿಯರಿಗೆ ಸಮತಟ್ಟಾದ ನೆಲ ಹಿತವಾಗುತ್ತದೆ. ಬಸ್ಸಿನ ಉಳಿದ ಸೀಟುಗಳನ್ನು ಈಗಲೂ ಎರಡು ದಿನ ಮುಂಚೆಯೇ ಬಿಡುವುದಾದರೆ, ಆ ಬೆಳಗಿನ ಎಂಟು ಗಂಟೆಗೆ ನೀವು ಕ್ಯಾಲ್ಗರಿಯಲ್ಲೇ ಇರುತ್ತೀರಿ. ಗೋಡೆಯ ಮೇಲಿನ ಗಡಿಯಾರ ನೋಡಿಕೊಂಡು ಕುಳಿತರಾಯಿತು.